ಮೈಲುತುತ್ತ ಹಾಕದ ಅಂಟು

ಮಾರ್ಚ್ ೯

ಪ್ರೀತಿಯ ಮಗಳಿಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ಸೊಸೆ ಎಂದು ಬರೆಯೋಣವೆಂದರೆ ಕೋರ್ಟು ಆ ನಂಟನ್ನು ಕಡಿದು ಹಾಕಿದೆ. ಮಗಳು ಎನ್ನುವುದಕ್ಕೆ ಯಾರ ಅಪ್ಪಣೆ ಬೇಕು? ಇಷ್ಟು ಕಾಲ ಬರೆಯದಿದ್ದುದಕ್ಕೆ ಬೈದುಕೋ. ಯಾವ ಮುಖ ಇಟ್ಟುಕೊಂಡು ಬರೆಯಲಿ ಎಂದು ಸುಮ್ಮನಿದ್ದೆ. ನಮ್ಮ ಇಲಿಮರಿ ಹೇಗಿದ್ದಾಳೆ? ಹಲ್ಲು ಬರುವಾಗ ಸಿಕ್ಕಿದ್ದನ್ನೆಲ್ಲ ಕಚ್ಚುತ್ತಿದ್ದಳೆಂದು ನಿನ್ನ ಮಾವ ಇಟ್ಟ ಆ ಹೆಸರು ಈಗಲೂ ಅವಳಿಗೆ ಒಪ್ಪುತ್ತದೋ ಇಲ್ಲವೋ. ಮೊಮ್ಮಗಳನ್ನು ನೋಡುವ ಆಸೆ ಬಹಳವಾಗಿದೆ. ಆ ಮಾತಿಗೆ ಆಮೇಲೆ ಬರುತ್ತೇನೆ.

ಮೊದಲು ನೆಪ. ಔಷಧಿ ಅಂಗಡಿ ನಡೆಸುವವಳು ನೀನು, ನಿನ್ನನ್ನೇ ಕೇಳಬೇಕು. ಮನೆಗೆ ಬೆಳ್ಳಿಹುಳ ಸೇರಿಕೊಂಡಿದೆ. ಅದೇ, ಪುಸ್ತಕ ತೆಗೆದರೆ ಸರಕ್ಕನೆ ಜಾರಿಹೋಗುವ, ಮೀನಿನ ಹಾಗೆ ಹೊಳೆಯುವ ಹುಳ. ನಿನ್ನ ಮಾವನ ಭೂತಗನ್ನಡಿಯಲ್ಲಿ ನೋಡಿದೆ. ರೆಕ್ಕೆ ಇಲ್ಲ, ಬಾಲ ಮಾತ್ರ ಮೂರು. ಮುಟ್ಟಿದರೆ ಬೆರಳಿಗೆ ಬೆಳ್ಳಿಪುಡಿ. ಹೊಸಕಿಹಾಕಲು ಹೋದವಳು ನೋಡುತ್ತಾ ಕೂತು ಒಲೆಯ ಮೇಲಿನ ಹಾಲು ಉಕ್ಕಿಸಿದೆ.

ಎಲ್ಲಿಂದ ಬರುತ್ತವೆ ಎಂದು ಪತ್ತೆ ಮಾಡಲೇಬೇಕೆನಿಸಿತು. ಗಾಜಿನ ಬಾಟಲಿಗಳಿಗೆ ಹೊರಗಿನಿಂದ ಕಾಗದದ ಟೇಪು ಸುತ್ತಿ, ಒಳಗೆ ಬ್ರೆಡ್ಡಿನ ಚೂರು ಹಾಕಿ ಕೋಣೆಗೊಂದು ಇಟ್ಟೆ. ಟೇಪು ಹಿಡಿದು ಹತ್ತುತ್ತವೆ, ಒಳಗೆ ಬಿದ್ದರೆ ನುಣುಪು ಗಾಜು ಹತ್ತಿ ಬರಲಾರವು. ತೇವವಿರುವ ಬಚ್ಚಲೇ ಅವುಗಳ ಮನೆಯಿರಬೇಕೆಂದು ಸೋರುವ ನಲ್ಲಿ ಸರಿಮಾಡಿಸಿ, ಬಿರುಕಿಗೆಲ್ಲ ಸಿಮೆಂಟು ಮೆತ್ತಿಸಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು. ತುಂಬಿದ್ದು ಮಾವ ಪುಸ್ತಕ ಬೈಂಡು ಮಾಡುವ ಕೋಣೆಯ ಬಾಟಲಿ, ಅದೂ ಕೆಳಗಿನ ಕಪಾಟಿನ ಮುಂದಿಟ್ಟದ್ದು.

ನನಗೋ ಆಶ್ಚರ್ಯ. ಅವರ ಮೈದಾ ಅಂಟಿಗೆ ಯಾವತ್ತೂ ಮೈಲುತುತ್ತ ಬೀಳುತ್ತದೆ. ಆ ವಿಷಕ್ಕೆ ಹುಳ ಹತ್ತಿರ ಸುಳಿಯುವುದಿಲ್ಲ. "ನಾನು ಕಟ್ಟಿದ ಪುಸ್ತಕಕ್ಕೆ ಹುಳ ಬಿದ್ರೆ ಕೆಲಸಾನೇ ಬಿಡ್ತೀನಿ" ಎಂದು ಗಿರಾಕಿಗಳ ಮುಂದೆ ಜಂಬ ಕೊಚ್ಚುವವರು. ಕಪಾಟು ತೆಗೆದೆ. ಮಕ್ಕಳ ಚಿತ್ರದ ಪುಸ್ತಕಗಳು, ಒಳ್ಳೆಯ ಬಟ್ಟೆ ಹೊದಿಸಿ ಕಟ್ಟಿದವು. ಬೆನ್ನೆಲ್ಲ ಕೆರೆದು ತಿಂದಿವೆ. ಒಂದನ್ನು ಬಿಡಿಸಿ ನೋಡಿದರೆ ಅಂಟಿನಲ್ಲಿ ತುತ್ತದ ನೀಲಿ ಇಲ್ಲವೇ ಇಲ್ಲ, ಬೆಳ್ಳಗಿದೆ.

"ಯಾಕ್ರೀ, ಈ ಕಪಾಟಿಗೇ ಹುಳ ಬಂದಿದೆ?" ಎಂದಷ್ಟೇ ಕೇಳಿದೆ.

"ಆಗ ತುತ್ತ ಮುಗಿದಿತ್ತು ಕಣೆ" ಎಂದರು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ತುತ್ತದ ಮಾತೇ ಎತ್ತಿರಲಿಲ್ಲ. ಅವರ ಕೋಣೆಯಲ್ಲಿ ಅದು ಮುಗಿದದ್ದನ್ನು ಮದುವೆಯಾದಂದಿನಿಂದ ನಾನು ಕಂಡಿಲ್ಲ.

ಪುಸ್ತಕಗಳನ್ನು ಬಿಸಿಲಿಗೆ ಹರಡಿದ್ದೇನೆ, ಕಪಾಟು ಒರೆಸಿ ಒಣಗಿಸಿದ್ದೇನೆ. ಬೋರಿಕ್ ಪುಡಿ ಉದುರಿಸೋಣವೆಂದರೆ ಅವರು ಅಡ್ಡ ನಿಂತರು. "ಅಲ್ಲಿ ವಿಷ ಗಿಷ ಬೇಡ." ವಿಷವಿಲ್ಲದೆ ಹುಳ ಓಡಿಸಲು ಏನಿದೆ, ಬರೆ.

ಈಗ ಆ ಮಾತು. ನನ್ನ ಮಗ ಮಾಡಿದ್ದು ತಪ್ಪು, ಅವನ ಪರವಾಗಿ ನಾನು ಬಾಯಿ ತೆರೆಯುವುದಿಲ್ಲ. ಅವನು ಬೇರೆ ಮನೆ ಮಾಡಿದ್ದಾನೆ, ಈ ಕಡೆ ಬರುವುದಿಲ್ಲ. ರಜೆಯಲ್ಲಿ ಇಲಿಮರಿಯನ್ನು ಕರೆದುಕೊಂಡು ಬರುತ್ತೀಯಾ? ನಾಲ್ಕು ದಿನ ಸಾಕು. ಬೇಡವೆನಿಸಿದರೆ ಹುಳದ ಔಷಧಿಯನ್ನಷ್ಟೇ ಬರೆ, ನನಗೆ ಅರ್ಥವಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಇಬ್ಬರೂ ತಣ್ಣಗಿರಿ.

ನಿನ್ನ ಅತ್ತೆ

ಮತ್ತೆ: ಕವರು ಅಂಟಿಸಲೆಂದು ನಿನ್ನ ಮಾವನ ಹತ್ತಿರ ಹೋದೆ. ನಿನಗೆ ಎಂದು ತಿಳಿದು ಬಹಳ ಹೊತ್ತು ಕುಂಚ ತೊಳೆಯುತ್ತಾ ನಿಂತರು. ಆಮೇಲೆ, "ಅವೆಲ್ಲ ಇಲಿಮರಿಗೆ ಕಟ್ಟಿದ್ದು ಕಣೆ. ಅವಳು ಮೂಲೆ ಕಚ್ತಾಳಲ್ಲ, ವಿಷ ಹೇಗೆ ಹಾಕ್ಲಿ?" ಎಂದರು. ನೀವು ಹೋದ ಮೇಲೂ ಪ್ರತಿ ಹುಟ್ಟುಹಬ್ಬಕ್ಕೆ ಒಂದೊಂದು ಕಟ್ಟಿಟ್ಟಿದ್ದಾರೆ. ಅವಳಿಗೀಗ ಏಳು ತುಂಬಿದೆ, ಪುಸ್ತಕ ಕಚ್ಚುವ ವಯಸ್ಸಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅದನ್ನು ಅವಳೇ ಬಂದು ಹೇಳಲಿ.