ಮೊದಲ ಸುತ್ತುಗಳನ್ನು ಕತ್ತರಿಸಬೇಡಿ

ಕ್ರೀಡಾ ಕೀರ್ತಿಭವನದ ನಿರ್ದೇಶಕರೇ,

ನಿಮ್ಮ ಭವನದ ಗೋಡೆಯ ಮೇಲೆ ದಿನವಿಡೀ ತೋರಿಸುವ ಆ ಹಳೆಯ ಓಟದ ಚಿತ್ರದಲ್ಲಿ ಮೊದಲ ಸುತ್ತುಗಳನ್ನು ಕತ್ತರಿಸಿ, ಬರುವ ತಿಂಗಳಿಂದ ಕೊನೆಯ ಸುತ್ತನ್ನಷ್ಟೇ ಉಳಿಸುವುದಾಗಿ ಪ್ರಕಟಿಸಿದ್ದೀರಿ. ಪ್ರೇಕ್ಷಕರ ತಾಳ್ಮೆಯ ಬಗ್ಗೆ ತಮಗಿರುವ ಕಾಳಜಿ ದೊಡ್ಡದು. ಆದರೆ ಆ ಮೊದಲ ಸುತ್ತುಗಳಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿರುವವಳು ನನ್ನ ಅಕ್ಕ. ಅವಳು ತೀರಿಕೊಂಡು ಬಹಳ ಕಾಲವಾಯಿತು. ಮನೆಯ ಫೋಟೊಗಳಲ್ಲೆಲ್ಲ ಸುಮ್ಮನೆ ನಿಂತಿದ್ದಾಳೆ. ಅವಳು ಉಸಿರಾಡುವುದು ನಿಮ್ಮ ಗೋಡೆಯ ಮೇಲೆ ಮಾತ್ರ.

ಅಕ್ಕ ಗೆಲ್ಲಲು ಓಡಿದವಳಲ್ಲ. ಅವಳ ಕೆಲಸಕ್ಕೆ ಮೈದಾನದಲ್ಲಿ ಪೇಸರ್ ಎನ್ನುತ್ತಾರೆ. ದಾಖಲೆ ಮುರಿಯಬೇಕಾದವಳ ಮುಂದೆ ಓಡಿ, ಎದುರುಗಾಳಿಯನ್ನು ತಾನು ತಡೆದು, ವೇಗವನ್ನು ಹದಕ್ಕೆ ತಂದುಕೊಟ್ಟು, ಕೊನೆಯ ಸುತ್ತಿನ ಗಂಟೆ ಬಾರಿಸುವ ಮುಂಚೆ ಪಕ್ಕಕ್ಕೆ ಸರಿಯುವುದು. ಭವನದ ಉದ್ಘಾಟನೆಯಂದು, ಆ ಓಟ ಗೆದ್ದ ಚಾಂಪಿಯನ್ ನನ್ನ ಕೈಹಿಡಿದು, "ನಿಮ್ಮಕ್ಕನ ಬೆನ್ನೊಂದನ್ನೇ ನೋಡ್ಕೊಂಡು ಓಡ್ದೆ ಕಣಪ್ಪಾ. ಅವ್ಳು ಸರಿದ್ಮೇಲೆ ಎದುರಿಗೆ ಯಾರೂ ಇಲ್ಲ! ಹೆದರಿಕೆ ಆಗೋಯ್ತು. ಆ ಹೆದರಿಕೆಗೇ ಗೆದ್ದೆ" ಎಂದರು. ತಾವು ಪಕ್ಕದಲ್ಲೇ ನಿಂತು ನಕ್ಕಿರಿ. ಭವನದ ಪಟ್ಟಿಗೆ ಅಕ್ಕನ ಹೆಸರನ್ನೂ ಸೇರಿಸಿ ಎಂದು ನಾನು ಕೇಳಿದಾಗ, "ಓಟ ಮುಗಿಸದವರನ್ನ ಹ್ಯಾಗ್ರೀ ಸೇರಿಸೋದು?" ಎಂದಿರಿ. ಒಪ್ಪಿದೆ, ನಿಯಮ ನಿಯಮವೇ. ಆದರೆ 'ಕ್ರೀಡೆಯನ್ನು ಕಟ್ಟಿದವರು' ಎಂಬ ಕೋಣೆಯಲ್ಲಿ ತಮ್ಮ ಸಮಿತಿಯ ಸದಸ್ಯರ ಭಾವಚಿತ್ರಗಳು ಸಾಲಾಗಿವೆಯಲ್ಲ, ಅವರಲ್ಲಿ ಓಟ ಮುಗಿಸಿದವರು ಯಾರು? ಹೋಗಲಿ, ಶುರು ಮಾಡಿದವರಾದರೂ ಯಾರು?

ಅಮ್ಮನಿಗೆ ಮರೆವಿನ ಕಾಯಿಲೆಯಿಲ್ಲ. ಮಗಳಿಲ್ಲವೆಂದು ಚೆನ್ನಾಗಿ ಗೊತ್ತು. ಆದರೂ ಪ್ರತಿ ಭಾನುವಾರ ಬಂದು ಆ ಗೋಡೆಯೆದುರಿನ ಬೆಂಚಿನ ಮೇಲೆ ಕೂರುತ್ತಾರೆ. ಅಕ್ಕ ಬರುತ್ತಾಳೆ, ತಿರುವಿನಲ್ಲಿ ಹೆಗಲನ್ನು ತುಸು ಒಳಕ್ಕೆ ವಾಲಿಸುತ್ತಾಳೆ, ಒಮ್ಮೆ ಹೊರಳಿ ನೋಡಿ ಹುಲ್ಲಿನ ಮೇಲೆ ಕಾಲಿಡುತ್ತಾಳೆ. ಕ್ಯಾಮೆರಾ ಅವಳನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಚಿತ್ರ ಮತ್ತೆ ಮೊದಲಾಗುತ್ತದೆ. ಮೊನ್ನೆ ಕಾವಲುಗಾರ, "ಏಳಿ ಅಜ್ಜಿ, ಬಾಗ್ಲು ಹಾಕ್ಬೇಕು. ಎಷ್ಟು ಸಲ ನೋಡಿದ್ರೂ ಅದೇ ಅಲ್ವಾ?" ಎಂದ. ಅಮ್ಮ ಕಣ್ಣು ಕೀಳದೆ, "ಇರಪ್ಪಾ, ಅವ್ಳಿಗೆ ಹಟ ಜಾಸ್ತಿ. ಈ ಸಲ ನಿಲ್ದೇ ಓಡಿದ್ರೂ ಓಡಿಯಾಳು" ಎಂದರು. ಕಾವಲುಗಾರ ಬೀಗ ಹಿಡಿದುಕೊಂಡೇ ನಿಂತ. ಹೇಳಲು ಸಂಕೋಚ, ನಾನೂ ಕಾದೆ.

ಹೆಸರು ಸೇರಿಸಿ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಫಲಕ ಬೇಡ, ಭಾಷಣವೂ ಬೇಡ. ಚಿತ್ರವನ್ನು ಇಡಿಯಾಗಿ ಬಿಡಿ, ಅಷ್ಟೆ. ಅದೂ ಆಗದೆಂದರೆ, ಕತ್ತರಿಸಿದ ಮೇಲಿನ ಮೊದಲ ಭಾನುವಾರ ತಾವೇ ಬಂದು ಅಮ್ಮನ ಪಕ್ಕದಲ್ಲಿ ಕೂರಬೇಕು. "ಯಾಕೆ ಇವತ್ತು ಇನ್ನೂ ಬರ್ಲಿಲ್ಲ ಇವ್ಳು?" ಎಂದು ಅವರು ಕೇಳುತ್ತಾರೆ. ಉತ್ತರ ಹೇಳುವ ಸರದಿ ತಮ್ಮದು.

ಇಂತಿ,
ಕೊನೆಯ ಸುತ್ತಿನಲ್ಲಿ ಇಲ್ಲದವಳ ತಮ್ಮ