ಸಹಿ ಹಾಕದ ಕಾಗದ

ರಾಯದುರ್ಗ
೧೮ ನವೆಂಬರ್ ೨೦೨೪

ಪ್ರೀತಿಯ ಆದಿಲಕ್ಷ್ಮಿ ಅಕ್ಕನಿಗೆ,

ನಿಮ್ಮ ಒಡಹುಟ್ಟದ ತಂಗಿ ಆಶಾರಾಣಿಯ ವಂದನೆಗಳು. ನಾನು ಚೆನ್ನಾಗಿದ್ದೇನೆ. ಅಮರಾಪುರದ ಕಡೆ ಕಡ್ಲೆಕಾಯಿ ಕಿತ್ತು ಮುಗಿಯಿತೇ? ನಿಮ್ಮ ಹಿಪ್ಪುನೇರಳೆ ತೋಟ ಹೇಗಿದೆ? ಮಗಳು ವಿಜಯಲಕ್ಷ್ಮಿ ಕಾಲೇಜಿಗೆ ಸೇರಿದಳೆಂದು ಹೇಳಿದ್ದಿರಿ, ಈಗ ಬಸ್ಸಿನ ಓಡಾಟ ಅಭ್ಯಾಸವಾಗಿರಬೇಕು.

ಆ ಸುದ್ದಿ ಹೇಳಿದ ಮೇಲೆ ನೀವು ನಾಲ್ಕು ಸಲ ಫೋನ್ ಮಾಡಿದಿರಿ. ನಾನು ಎತ್ತಲಿಲ್ಲ. ಕ್ಷಮಿಸಿ. ದೀಪಾವಳಿಗೆ ಮುಂಚೆಯೇ ಈ ಕಾಗದ ಬರೆಯಬೇಕಿತ್ತು, ಎರಡು ಸಲ ಬರೆದು ಹರಿದೆ. ಫೋನಿನಲ್ಲಿ ನಿಮ್ಮ ದನಿ ಕೇಳಿದರೆ ಹೇಳಬೇಕಾದದ್ದು ಬಿಟ್ಟು ಬೇರೆ ಏನೋ ಮಾತಾಡಿಬಿಡುತ್ತೇನೆ. ಕಾಗದವಾದರೆ ಅಂಚೆ ಡಬ್ಬಿಗೆ ಹಾಕಿದ ಮೇಲೆ ವಾಪಸ್ ತೆಗೆಯಲು ಬರುವುದಿಲ್ಲ.

ಮೊದಲು ಸುದ್ದಿ. ನಾನೀಗ ಜೀನ್ಸ್ ಯೂನಿಟ್ಟಿಗೆ ಹೋಗುತ್ತಿಲ್ಲ. ಹೊರಗೆ ಹಾಕಿದರು. ನೀವು ಅಯ್ಯೋ ಅನ್ನಬೇಡಿ, ಪೂರ್ತಿ ಓದಿ.

ನಾನೆಂಥ ಪುಕ್ಕಲಿ ಎನ್ನುವುದು ನಿಮ್ಮಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆರು ವರ್ಷ ಪಕ್ಕಪಕ್ಕದ ಮಷಿನ್ನಿನಲ್ಲಿ ಕೂತವರು ನಾವು. ಸೂಪರ್‌ವೈಸರ್ ಕಲ್ಲೇಶನ ಚಪ್ಪಲಿ ಸದ್ದು ಕೇಳಿದರೆ ಸಾಕು, ನನ್ನ ದಾರ ಕಡಿಯುತ್ತಿತ್ತು. "ಯಾಕೆ ತಾಯಿ ಹಿಂಗ್ ನಡುಗ್ತೀಯ, ಅವ್ನೇನು ಹುಲಿನಾ?" ಎಂದು ನೀವೇ ನನ್ನ ಸೂಜಿಗೆ ದಾರ ಪೋಣಿಸಿಕೊಡುತ್ತಿದ್ದಿರಿ. ಗಂಡ ಗೋವರ್ಧನ್ ತೀರಿಕೊಂಡ ಮೇಲೆ ನಾನು ಪ್ರಾರ್ಥನೆಗೆ ಹೋಗತೊಡಗಿದೆ, ದೀಕ್ಷಾಸ್ನಾನ ತಗೊಂಡೆ. ಅತ್ತೆ ಮನೆಯವರು ನನ್ನ ಕೈಯ ನೀರು ಮುಟ್ಟುವುದನ್ನು ಬಿಟ್ಟರು. ಅಷ್ಟನ್ನೂ ತಡೆದುಕೊಂಡಳಲ್ಲ, ಎಂಥ ಧೈರ್ಯ ಎಂದು ಜನ ಅಂದರು. ಧೈರ್ಯವೂ ಇರಲಿಲ್ಲ, ಏನೂ ಇರಲಿಲ್ಲ. ಹೋಗಲು ಬೇರೆ ಜಾಗವಿರಲಿಲ್ಲ, ಅಷ್ಟೇ. ಒಂಬತ್ತು ವರ್ಷ ನಾನು ಯೇಸುವಿನ ಹತ್ತಿರ ಕೇಳಿಕೊಂಡದ್ದು ಒಂದನ್ನೇ: ಸ್ವಾಮಿ, ಯಾರ ಕಣ್ಣಿಗೂ ಬೀಳದ ಹಾಗೆ ನನ್ನನ್ನು ಬಚ್ಚಿಡು.

ಸೆಪ್ಟೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ, ಟೀ ಕುಡಿದು ಕೂತ ಹೊತ್ತಿಗೆ, ಬಸವರಾಜೇಶ್ವರಿಯ ತೋರುಬೆರಳು ಪ್ಯಾಂಟಿಗೆ ಗುಂಡಿ ಒತ್ತುವ ಮಷಿನ್ನಿಗೆ ಸಿಕ್ಕಿತು. ಈ ಹುಡುಗಿಯನ್ನು ನೀವು ನೋಡಿಲ್ಲ. ಕೋಟೆ ಕಡೆಯವಳು, ಮದುವೆಯಾಗಿ ಎರಡು ವರ್ಷ. ಮಷಿನ್ ಮಾತ್ರ ನಿಮಗೆ ಗೊತ್ತು, ನಿಮ್ಮ ಎರಡು ಬೆರಳು ಹೋದದ್ದೂ ಅದರಲ್ಲೇ. ಕೈ ಒಳಗೆ ಹೋಗದ ಹಾಗೆ ಒಂದು ಕಬ್ಬಿಣದ ಅಡ್ಡಪಟ್ಟಿ ಇರುತ್ತದಲ್ಲ, ಅದಿದ್ದರೆ ಕೆಲಸ ನಿಧಾನ ಎಂದು ಕಲ್ಲೇಶ ಅದನ್ನು ಬಿಚ್ಚಿ ಕಿಟಕಿಯ ಮೇಲೆ ಇಟ್ಟಿದ್ದ. ಹುಡುಗಿ ಕೂಗಲೂ ಇಲ್ಲ ಅಕ್ಕ. ತನ್ನ ಕೈಯನ್ನು ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡುತ್ತ ಕೂತಿದ್ದಳು. ನನ್ನ ಸೆರಗು ಸುತ್ತಿ ಆಟೋದಲ್ಲಿ ಕರೆದುಕೊಂಡು ಹೋದೆ. ಬೆರಳಿನ ಮೇಲಿನ ಗಿಣ್ಣು ಉಳಿಯಲಿಲ್ಲ.

ಮರುದಿನ ಮ್ಯಾನೇಜರ್ ಜಗದೀಶ್ ಒಂದು ಟೈಪ್ ಮಾಡಿದ ಕಾಗದ ಹಿಡಿದು ನಮ್ಮ ಸಾಲಿಗೆ ಬಂದರು. ಇಲ್ಲಿನ ಆಫೀಸಿನ ಕಾಗದಗಳೆಲ್ಲ ಇರುವ ಹಾಗೆ ತೆಲುಗಿನಲ್ಲಿತ್ತು. "ಓದೋದೇನೈತಿ, ಸಹಿ ಮಾಡ್ರಿ, ಊಟದ ಬೆಲ್ ಆಗ್ತೈತಿ" ಅಂದರು. ನಾನು ಓದಿದೆ. ಎಷ್ಟು ಹೇಳಿದರೂ ಕೇಳದೆ ಬಸವರಾಜೇಶ್ವರಿಯೇ ಪಟ್ಟಿ ಬಿಚ್ಚಿಕೊಂಡಳು, ನಾವೆಲ್ಲ ಕಣ್ಣಾರೆ ಕಂಡಿದ್ದೇವೆ ಎಂದು ಬರೆದಿತ್ತು. ಹಳಬಳು ಎಂದು ಪೆನ್ನು ಮೊದಲು ನನ್ನ ಕೈಗೇ ಬಂತು. ಕಣ್ಣು ಮುಚ್ಚಿ, ಸ್ವಾಮಿ, ಈ ಸಲ ನನ್ನನ್ನು ಬಚ್ಚಿಡಬೇಡ, ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸು ಎಂದೆ. ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ ಕೊಟ್ಟೆ.

"ಸಹಿ ಮಾಡೋದಿಲ್ರಿ."

"ಯಾಕ?"

"ಸುಳ್ಳೈತ್ರಿ. ಪಟ್ಟಿ ಬಿಚ್ಚಿದ್ದು ಕಲ್ಲೇಶಣ್ಣ. ನಾವೆಲ್ಲ ನೋಡೀವಿ."

ಜಗದೀಶ್ ನಕ್ಕರು. "ನಿಮ್ಮ ದೇವ್ರು ಹೇಳಿದ್ನೇನು, ಸಹಿ ಮಾಡಬ್ಯಾಡ ಅಂತ?"

"ಹೌದ್ರಿ, ಹೇಳ್ಯಾನ. ಸುಳ್ಳು ಬರಿ ಅಂತ ನಿಮ್ಮ ದೇವ್ರೂ ನಿಮಗ ಹೇಳಿರಾಕಿಲ್ಲ."

ಅದು ನನ್ನ ಬಾಯಿಂದ ಬಂದ ಮಾತೇ ಎಂದು ನನಗೇ ನಂಬಿಕೆಯಾಗಲಿಲ್ಲ. ಇಡೀ ಹಾಲಿನಲ್ಲಿ ಮಷಿನ್ನುಗಳು ನಿಂತಿದ್ದವು. ನನ್ನ ಹಿಂದಿದ್ದ ಮಂಜುಳಮ್ಮ ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಳು, ಪೆನ್ನು ಮುಟ್ಟಲಿಲ್ಲ. ಉಳಿದವರು ತಲೆ ತಗ್ಗಿಸಿ ಸಹಿ ಹಾಕಿದರು. ಅವರ ಮೇಲೆ ನನಗೆ ಕೋಪವಿಲ್ಲ. ಸಂಜೆ, ನಾಳೆಯಿಂದ ಬರಬೇಡ ಎಂದು ಗೇಟಿನಲ್ಲೇ ಹೇಳಿ ಕಳಿಸಿದರು.

ಊರಲ್ಲಿ ಇಷ್ಟೊಂದು ಯೂನಿಟ್ಟುಗಳಿವೆ, ಎಲ್ಲಿ ಕೇಳಿದರೂ ಜಾಗವಿಲ್ಲ ಎಂಬ ಒಂದೇ ಉತ್ತರ. ಅದನ್ನು ನಾನು ಎದುರು ನೋಡಿದ್ದೆ. ಎದುರು ನೋಡದೆ ಇದ್ದದ್ದು ಇನ್ನೊಂದು. ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಪಾಸ್ಟರ್ ಏಸುರತ್ನಂ ಅಯ್ಯನವರು ನನ್ನನ್ನು ಪಕ್ಕಕ್ಕೆ ಕರೆದರು. ನಾವಿರುವುದು ಮೂವತ್ತು ಜನ, ಕೂಡುವುದು ಬಾಡಿಗೆ ಕೋಣೆಯಲ್ಲಿ, ಕೋಣೆಯ ಮಾಲೀಕರು ಯೂನಿಟ್ ಮಾಲೀಕರ ನೆಂಟರು. "ಸ್ವಲ್ಪ ತಗ್ಗಿ ನಡೀಮ್ಮ," ಅಂದರು. "ಮಂದಿ ಮೊದಲ ನಮ್ಮನ್ನ ಒಂಥರಾ ನೋಡ್ತಾರ. ಕೋಣಿ ಹೋದ್ರ ಎಲ್ಲಿ ಕೂಡೋದು?"

ಗೋವರ್ಧನ್ ಜ್ವರದಲ್ಲಿ ಮಲಗಿದ್ದಾಗ ಹನ್ನೊಂದು ದಿನ ಬಂದು ಪಕ್ಕದಲ್ಲಿ ಕೂತವರು ಅವರು. ಅವರಿಗೆ ಎದುರಾಡಿದ್ದೇ ಇಲ್ಲ ನಾನು. ಆದರೂ ಹೇಳಿದೆ: "ಅಯ್ಯನವರೇ, ಹೆದರಬ್ಯಾಡ ಅಂತ ಒಂಬತ್ತು ವರ್ಷದಿಂದ ಹೇಳಿಕೊಟ್ಟೀರಿ. ಅದು ಭಾನುವಾರಕ್ಕಷ್ಟ ಅಂತ ಒಮ್ಮೆನೂ ಹೇಳಲಿಲ್ಲ."

ಅವರು ಕೋಣೆಗೆ ಬೀಗ ಹಾಕುತ್ತ, ಮನೆಗೆ ಹೋಗಮ್ಮ ಅಂದರು.

ಬಸವರಾಜೇಶ್ವರಿಯ ಗಂಡ ಸಣ್ಣಬಸಪ್ಪ ಮೆತ್ತಗಿನ ಮನುಷ್ಯ, ಆದರೂ ಬಿಡದೆ ಲೇಬರ್ ಆಫೀಸಿಗೆ ಅರ್ಜಿ ಕೊಟ್ಟ. ಅಕ್ಟೋಬರಿನಲ್ಲಿ ಆಫೀಸರ್ ಯೂನಿಟ್ಟಿಗೇ ವಿಚಾರಣೆಗೆ ಬಂದರು, ನನ್ನನ್ನೂ ಕರೆಸಿದರು. ಗೇಟಿನ ಹತ್ತಿರ ಹೋಗಿ ನೋಡಿದರೆ ಏಸುರತ್ನಂ ಅಯ್ಯನವರು ಛತ್ರಿ ಹಿಡಿದು ನಿಂತಿದ್ದಾರೆ, ಪಕ್ಕದಲ್ಲಿ ಅವರ ಹೆಂಡತಿ. ಬರುತ್ತೇವೆಂದು ನನಗೆ ಹೇಳಿರಲೇ ಇಲ್ಲ. "ಒಳಗ ನಮ್ಮನ್ನ ಬಿಡೋದಿಲ್ಲ. ನೀ ಹೋಗಿ ಬಾ, ಇಲ್ಲೇ ಇರ್ತೀವಿ," ಅಂದರು. ಅವರು ಆ ಬಿಸಿಲಲ್ಲಿ ಎರಡು ತಾಸು ಹಾಗೇ ನಿಂತಿದ್ದರು.

ಒಳಗೆ ಮಾಲೀಕರು ಆಫೀಸರಿಗೆ ಹೇಳಿದರು, "ಈಯಮ್ಮನ್ನ ಕೆಲಸದಿಂದ ತೆಗೆದೀವ್ರಿ ಸಾರ್, ಆ ಸಿಟ್ಟಿಗೆ ಹೇಳ್ತಾಳ." ನಾನು ಆಫೀಸರ್ ಮುಖ ನೋಡಿ ತೆಲುಗಿನಲ್ಲಿ ಎಲ್ಲವನ್ನೂ ಹೇಳಿದೆ: ಕಲ್ಲೇಶ ಯಾವ ದಿನ ಬಿಚ್ಚಿದ, ಏನು ಹೇಳಿ ಬಿಚ್ಚಿದ, ಪಟ್ಟಿಯನ್ನು ಎಲ್ಲಿ ಇಟ್ಟ. ಪಟ್ಟಿ ಈಗ ಮಷಿನ್ನಿನಲ್ಲೇ ಇದೆಯಲ್ಲ ಎಂದು ಅವರು ಕೇಳಿದರು. ಆಗ ಮಂಜುಳಮ್ಮ ತನ್ನ ಜಾಗದಿಂದ ಎದ್ದು ಬಂದಳು. "ಸಾರ್, ಮಷಿನ್ ಎಲ್ಲ ತುಕ್ಕು ಹಿಡದೈತಿ, ಈ ಬೋಲ್ಟ್ ನಾಲ್ಕು ಮಾತ್ರ ಹೊಳಿತಾವ. ಮೊನ್ನೆ ಹಾಕಿದ್ದು." ಆಫೀಸರ್ ಬಗ್ಗಿ ನೋಡಿದರು. ಆಮೇಲೆ ಸಹಿ ಹಾಕಿದವರಲ್ಲೇ ಇಬ್ಬರು ಮುಂದೆ ಬಂದು, ನಮಗೆ ಓದಲು ಬಿಡಲಿಲ್ಲ ಎಂದರು.

ಹುಡುಗಿಯ ಚಿಕಿತ್ಸೆ, ಪರಿಹಾರ ಎರಡನ್ನೂ ಯೂನಿಟ್ಟೇ ನೋಡಿಕೊಳ್ಳಬೇಕು ಎಂದು ಆದೇಶವಾಯಿತು. ಈಗ ಅವಳು ದಾರ ಕತ್ತರಿಸುವ ಟೇಬಲ್ಲಿನಲ್ಲಿ ಕೂರುತ್ತಾಳೆ. ಎಲ್ಲ ಮಷಿನ್ನಿಗೂ ಪಟ್ಟಿ ಬಂದಿದೆ, ಕಲ್ಲೇಶ ಅದರ ಹತ್ತಿರ ಕೈ ಹಾಕುವುದಿಲ್ಲವಂತೆ. ನನ್ನನ್ನು ವಾಪಸ್ ಕರೆಯಲಿಲ್ಲ, ಕರೆದರೂ ನಾನು ಹೋಗುವವಳಲ್ಲ. ಹಳೆಯ ಕಾಲು ಮಷಿನ್ನನ್ನು ಜಗಲಿಗೆ ಎಳೆದು ಹಾಕಿಕೊಂಡು ಬ್ಲೌಸು, ಶಾಲೆ ಮಕ್ಕಳ ಬಟ್ಟೆ ಹೊಲಿಯುತ್ತಿದ್ದೇನೆ. ಮಾಲೀಕರ ಕಾರು ದಿನವೂ ಇದೇ ರಸ್ತೆಯಲ್ಲಿ ಹೋಗುತ್ತದೆ. ಮೊದಲಾಗಿದ್ದರೆ ಎದ್ದು ಒಳಗೆ ಹೋಗುತ್ತಿದ್ದೆ. ಈಗ ತಲೆ ಎತ್ತಿ ನೋಡುತ್ತೇನೆ, ಅವರೇ ಬೇರೆ ಕಡೆ ನೋಡುತ್ತಾರೆ.

ಭಯ ಹೋಯಿತೇ ಎಂದು ನೀವು ಕೇಳಬಹುದು. ಹೋಗಿಲ್ಲ ಅಕ್ಕ. ಬರುತ್ತದೆ, ಕಾಲು ನಡುಗಿಸುತ್ತದೆ. ನಡುಗುವ ಕಾಲಿನಲ್ಲೇ ನಡೆದು ಹೋಗುತ್ತೇನೆ. ಪಕ್ಕದಲ್ಲಿ ನನ್ನ ಸ್ವಾಮಿ ನಡೆಯುತ್ತಿದ್ದಾನೆ ಎಂಬ ಮಾತನ್ನು ಇಷ್ಟು ವರ್ಷ ಬಾಯಲ್ಲಿ ಹಾಡಿದ್ದೆ, ಈಗ ನಂಬಿದ್ದೇನೆ.

ನಿಮಗೂ ನಿಮ್ಮ ಮನೆಯವರಿಗೂ ಒಳ್ಳೆಯದಾಗಲಿ. ವಿಜಯಲಕ್ಷ್ಮಿಗೆ ನನ್ನ ಆಶೀರ್ವಾದ. ಅವಳು ಯಾರ ಮುಂದೆಯೂ ತಲೆ ತಗ್ಗಿಸದ ಹಾಗೆ ಬೆಳೆಯಲಿ ಎಂದು ದಿನವೂ ಪ್ರಾರ್ಥಿಸುತ್ತೇನೆ.

ನಿಮ್ಮ
ಆಶಾರಾಣಿ

ತಾ.ಕ.: ಅಕ್ಕ, ಈ ಕಾಗದ ಬರೆದದ್ದೇ ಇದಕ್ಕಾಗಿ. ಮೂರು ವರ್ಷದ ಹಿಂದೆ ನೀವು ಬಳ್ಳಾರಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗಲೂ ಇಂಥದೇ ಒಂದು ಕಾಗದ ನಮ್ಮ ಸಾಲಿಗೆ ಬಂದಿತ್ತು. ಆದಿಲಕ್ಷ್ಮಿ ತಾನೇ ಪಟ್ಟಿ ಬಿಚ್ಚಿಕೊಂಡಳು ಎಂದು. ಕಲ್ಲೇಶ ಬಿಚ್ಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೂ ಮೊದಲ ಸಹಿ ನನ್ನದು. ಶನಿವಾರ ಸಹಿ ಹಾಕಿ ಭಾನುವಾರ ಎಲ್ಲರ ಮುಂದೆ ನಿಂತು ಹಾಡಿದೆ. ನೀವು ಊರಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ, "ನೀನೊಬ್ಳಾದ್ರೂ ನನ್ ಪರವಾಗಿದ್ದೀಯಲ್ಲ" ಎಂದು ನನ್ನ ಕೈ ಹಿಡಿದುಕೊಂಡಿರಿ. ನಾನು ಸುಮ್ಮನಿದ್ದೆ. ಕೆಲಸ ಬರದವಳು ಮಷಿನ್ನಿಗೆ ಕೈ ಕೊಟ್ಟುಕೊಂಡು ಬಂದಳು ಎಂದು ನಿಮ್ಮ ಅತ್ತೆ ಇವತ್ತಿಗೂ ಹಂಗಿಸುತ್ತಾರೆ ಎಂದು ನೀವು ಫೋನಿನಲ್ಲಿ ಅತ್ತಾಗಲೂ ಸುಮ್ಮನಿದ್ದೆ.

ವಿಚಾರಣೆಯ ದಿನ ಆಫೀಸರಿಗೆ ಇದನ್ನೂ ಹೇಳಿ ಬರೆದುಕೊಟ್ಟಿದ್ದೇನೆ. ನಿಮ್ಮನ್ನೂ ವಿಚಾರಣೆಗೆ ಕರೆಯಲು ಲೇಬರ್ ಆಫೀಸಿನಿಂದ ನೋಟಿಸು ಬರುತ್ತದೆ. ಅದಕ್ಕಿಂತ ಮೊದಲು ನನ್ನಿಂದಲೇ ನಿಮಗೆ ಗೊತ್ತಾಗಬೇಕಿತ್ತು. ಡಿಸೆಂಬರ್ ಒಂದು ಭಾನುವಾರ. ಅಂದು ನಾನು ಪ್ರಾರ್ಥನೆಗೆ ಹೋಗುವುದಿಲ್ಲ, ನಿಮ್ಮ ಮನೆಗೆ ಬರುತ್ತೇನೆ. ಬರಬೇಡ ಅಂದರೂ ಬರುತ್ತೇನೆ. ಬಯ್ಯುವುದಿದ್ದರೆ ಒಳಗೆ ಕರೆದು ಬಯ್ಯಬೇಡಿ, ನಿಮ್ಮ ಅತ್ತೆಯ ಎದುರಿಗೇ ಬಯ್ಯಿರಿ. ನಿಮ್ಮ ತಪ್ಪೇನೂ ಇರಲಿಲ್ಲ ಎನ್ನುವುದು ಅವರ ಕಿವಿಗೂ ಬೀಳಲಿ.