ಕಪ್ಪು ಕಲ್ಲು, ಹಸಿ ಹುಲ್ಲು

ಆಗಸ್ಟ್ ೪, ಬೆಳಿಗ್ಗೆ

ಹಾಲು ಕರೆದಾಯಿತು. ಹಾಲು ಕೆಡದಂತೆ ಸೊಸೆ ಸೆಲೆಯಾನ್ ಸೋರೆ ಬುರುಡೆಗಳಿಗೆ ಹಾಕಿದ ಹೊಗೆ ಸಾಲದು — ಮತ್ತೆ ಹಾಕಿಸಿದೆ. ಬೆಂಕಿ ಉಗುಳುವ ದೇವರ ಬೆಟ್ಟ ಇನ್ನೂ ಬೂದಿ ಉದುರಿಸುತ್ತಿದೆ. ಕಲ್ಲು ಓದುವ ಡಾಕ್ಟರ್ ರೆಹೆಮಾ ನಿನ್ನೆ ತುದಿಯಿಂದ ಇಳಿದಳು. ಒಂದು ಡಬ್ಬಿ ಕೊಟ್ಟಳು. ಒಳಗಿರುವುದು ಬೆಟ್ಟ ಮೊನ್ನೆ ಉಗುಳಿದ ಕಲ್ಲುಗಳಂತೆ, ಇದ್ದಿಲಿನಷ್ಟು ಕಪ್ಪು. ಮುಚ್ಚಳ ತೆಗೆಯಬೇಡಿ, ಅರುಷಾ ಪಟ್ಟಣಕ್ಕೆ ಹೋಗಿ ಬಂದು ಒಯ್ಯುತ್ತೇನೆ ಎಂದಳು. ಈ ಹಟ್ಟಿಗೆ ಬಂದವರು ಏನಿಡುವುದಿದ್ದರೂ ನನ್ನ ಮನೆಯಲ್ಲೇ ಇಡುತ್ತಾರೆ. ಸವತಿ ನೊಂಗಿಪಾಳ ಹತ್ತಿರ ಇಡುವುದಿಲ್ಲ. ಅವಳಿಗೆ ಕೇಳಿಸುವಂತೆ ಇದನ್ನು ಹೇಳಿದೆ.

ಆಗಸ್ಟ್ ೫

ಮುಚ್ಚಳ ತೆಗೆದೆ. ಕಾಯುವವಳಿಗೆ ಒಳಗೇನಿದೆ ಗೊತ್ತಿರಬೇಡವೇ? ಕಲ್ಲುಗಳ ಮೈತುಂಬ ಬೂದಿ. ನನ್ನ ಮನೆಯಿಂದ ಕೊಳಕು ವಸ್ತು ಹೊರಗೆ ಹೋದದ್ದಿಲ್ಲ. ತೊಳೆದು ಒಲೆ ಪಕ್ಕ ಹರಡಿದೆ. ಹೈಸ್ಕೂಲು ಓದಿದವಳು ನಾನು, ಕಲ್ಲು ತೊಳೆಯಲು ಯಾರನ್ನು ಕೇಳಬೇಕು...

ಆಗಸ್ಟ್ ೬

ಕಳ್ಳತನ. ಕಪ್ಪು ಕಲ್ಲಿಲ್ಲ. ಅದೇ ಜಾಗದಲ್ಲಿ ಬಿಳಿ ಕಲ್ಲು — ಮುಟ್ಟಿದರೆ ಪುಡಿ. ಇಂಥದ್ದು ಯಾರ ಹತ್ತಿರ ಇರುತ್ತದೆ? ಕೆರೆ ದಡದ ಸೋಡಾ ಕಲ್ಲು ತಂದು ನಶ್ಯಕ್ಕೆ ಅರೆಯುವ ನೊಂಗಿಪಾಳ ಹತ್ತಿರ. ನನ್ನ ಹೆಸರಿಗೆ ಮಸಿ ಬಳಿಯಲೆಂದೇ ಬದಲಾಯಿಸಿದ್ದಾಳೆ.

ಮಧ್ಯಾಹ್ನ

ಮರದಡಿ ಹಿರಿಯರ ಮುಂದೆ ಹೇಳಿಯೇಬಿಟ್ಟೆ. ನೊಂಗಿಪಾ ನಿಧಾನವಾಗಿ ನಶ್ಯ ಏರಿಸಿದಳು.

"ಅಕ್ಕ, ಗಂಡ ಸತ್ತ ದಿನಾನೂ ನನ್ನ ನಿನ್ ಬಾಗ್ಲು ದಾಟಕ್ಕೆ ಬಿಡ್ಲಿಲ್ಲ. ಕಲ್ಲು ಕದಿಯಕ್ಕೆ ಬಿಟ್ಯಾ?"

ಹಿರಿಯರು ನಕ್ಕರು. ನಗುವ ಮಾತೇನಿತ್ತೋ. ಡಾಕ್ಟರ್ ಬರಲಿ, ನಿನ್ನ ಮಾತು ಸುಳ್ಳಾದರೆ ಪದ್ಧತಿಯಂತೆ ಹಸಿ ಹುಲ್ಲು ಕೈಯಲ್ಲಿ ಹಿಡಿದು ಎಲ್ಲರೆದುರು ತಪ್ಪಾಯಿತು ಅನ್ನಬೇಕು ಎಂದರು. ಆಗಲಿ ಎಂದೆ. ಹುಲ್ಲು ಹಿಡಿಯುವ ಕೈ ಇದಲ್ಲ.

ಆಗಸ್ಟ್ ೮

ಸೆಲೆಯಾನ್ ಒಂದು ಬಿಳಿ ಕಲ್ಲನ್ನು ಹುರುಳಿಕಾಯಿ ಬೀಜದ ಪಾತ್ರೆಗೆ ಹಾಕಿಬಿಟ್ಟಿದ್ದಾಳೆ. ಬೀಜ ಬೆಣ್ಣೆಯ ಹಾಗೆ ಬೆಂದಿತ್ತು. ಎರಡು ಸಲ ಹಾಕಿಸಿಕೊಂಡೆ. ಆಮೇಲೆ ಬೈದೆ.

ಆಗಸ್ಟ್ ೧೨

ಡಾಕ್ಟರ್ ಬಂದಳು. ಬಿಳಿ ಕಲ್ಲು ನೋಡಿ ತಲೆಮೇಲೆ ಕೈಯಿಟ್ಟು ನೆಲದ ಮೇಲೇ ಕೂತಳು. ಎಲ್ಲಾ ಬೆಟ್ಟದ ಕಲ್ಲಿನಂತಲ್ಲವಂತೆ ಇದು. ಮೈಯೆಲ್ಲ ಸೋಡಾ. ತೇವ ತಗುಲಿದರೆ ಕಪ್ಪು ಹೋಗಿ ಬೆಳ್ಳಗಾಗುತ್ತದಂತೆ.

"ನೀರು ಏನಾದ್ರೂ ತಾಗ್ತಾ ಅಜ್ಜಿ?"

ಎಲ್ಲರೆದುರು ಕೇಳಿದಳು. ಸುಳ್ಳು ಹೇಳುವವಳಲ್ಲ ನಾನು. ತೊಳೆದೆ ಎಂದೆ.

"ನಮ್ಮಕ್ಕ ತೊಳೆದ್ರೆ ಹಂಗೇ," ಎಂದಳು ನೊಂಗಿಪಾ. "ಬೆಟ್ಟಾನೂ ಬೆಳ್ಳಗಾಗತ್ತೆ."

ಡಾಕ್ಟರ್ ಮತ್ತೆ ಬೆಟ್ಟ ಹತ್ತಬೇಕು. ಅವಳ ಉಳಿದ ಸಾಮಾನು ಈಗ ನೊಂಗಿಪಾಳ ಮನೆಯಲ್ಲಿದೆ.

ಆಗಸ್ಟ್ ೧೪

ಹಿರಿಯರು ಎರಡು ಸಲ ಹೇಳಿಕಳಿಸಿದರು. ಕೊಟ್ಟ ಮಾತು ತಪ್ಪುವವಳಲ್ಲ. ಆದರೆ ಹುಲ್ಲೆಲ್ಲಿದೆ? ಎಲ್ಲೆಡೆ ಬೂದಿ. ಆಡುಗಳು ಬೇರು ಸಮೇತ ತಿಂದಿವೆ. ಹಳ್ಳದವರೆಗೆ ನಡೆದೆ — ಒಂದೆಸಳಿಲ್ಲ. ಸೆಲೆಯಾನ್ ಮುಳ್ಳಿನ ಕಡ್ಡಿ ತಂದಳು. ಅದನ್ನು ಹಿಡಿದು ಕ್ಷಮೆ ಕೇಳಿದರೆ ಜಗಳಕ್ಕೆ ಬಂದಳು ಅನ್ನುತ್ತಾರೆ.

ಹಟ್ಟಿಯಲ್ಲಿ ಹಸಿ ಹುಲ್ಲು ಇರುವುದು ಒಂದೇ ಕಡೆ. ಕಾಯಿಲೆ ಕರುವಿಗೆಂದು ಮಗ ಮೋಟಾರ್ ಸೈಕಲ್ಲಿನಲ್ಲಿ ಘಟ್ಟದ ಮೇಲಿಂದ ತಂದುಕೊಟ್ಟಿದ್ದಾನೆ. ನೊಂಗಿಪಾಳ ಮಗ. ನೊಂಗಿಪಾಳ ಕರು.

ಆಗಸ್ಟ್ ೧೫

ಹೋದೆ. ಅವಳ ಬಾಗಿಲು ತೆರೆದೇ ಇತ್ತು. ಕಂಕುಳಲ್ಲಿ ಹುಲ್ಲಿನ ಕಟ್ಟು ಇಟ್ಟುಕೊಂಡೇ ಕೂತಿದ್ದಳು.

"ಬಾ ಅಕ್ಕ, ಒಳಗ್ ಬಾ. ಏನ್ ಬೇಕಿತ್ತು?"

ಗೊತ್ತಿದ್ದೂ ಕೇಳುತ್ತಾಳೆ. ನಾನು ಹೇಳಿದ್ದು ಇಷ್ಟೇ — ನೊಂಗಿಪಾ, ನನಗೊಂದು ಹಿಡಿ ಹುಲ್ಲು ಕೊಡು, ನಿನಗೇ ತಪ್ಪಾಯಿತು ಅನ್ನಬೇಕು.